ಹೊಲ-ಮನಿ ಕಾಯ್ಕೊಳ್ಳಾಕ ಹೋಗಿ ಕೊಲೆ ಕೇಸಿನ್ಯಾಗ ಸಿಗಬಾರ್ದಂದ್ರ

ಜೇವರ್ಗಿ, ಅಫಜಲಪುರ ಕಡೆ ತೊಗರಿ ರಾಶಿ ಟೈಮಿಗೆ ಎಲ್ಲಾರೂ ಕೇಳೋದು ಒಂದೇ, ಕಳ್ಳ ಬಂದ್ರ ಹೊಡಿಬಹುದೇನ್ರಿ ಅಂತ. ತಡೀಲಿಕ್ಕ ಎಷ್ಟು ಬೇಕೋ ಅಷ್ಟು ಹೊಡಿಬಹುದು, ಇದಕ್ಕ ಖಾಸಗಿ ರಕ್ಷಣೆ ಹಕ್ಕು ಅಂತಾರ, ಆದ್ರ ಜೀವ ತೆಗಿಯೋದು ಬ್ಯಾರೇನೇ ಲೆಕ್ಕ.

ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 41, ಅಂದ್ರ ಹಳೇ ಐಪಿಸಿ 103, ಓದ್ಕೋರಿ. ಸುಲಿಗೆ, ಹೊತ್ತು ಮುಳುಗಿ ಹುಟ್ಟೋದ್ರೊಳಗ ಮನಿ ಒಡಿಯೋದು, ಮನಿಗೆ ಇಲ್ಲಾ ಮಾಲು ಇಟ್ಟ ಗೋದಾಮಿಗೆ ಬೆಂಕಿ ಹಚ್ಚೋದು, ಇಲ್ಲಂದ್ರ ಕಳ್ಳತನ ಮಾಡೋನು ಕೊಡ್ಲಿ ಎತ್ತಿ ತಡೀದಿದ್ರ ಹೆಣ ಬೀಳ್ತದ ಇಲ್ಲಾ ಭಾರೀ ಗಾಯ ಆಗ್ತದ ಅನ್ನೋ ಖರೇ ಅಂಜಿಕಿ ಇರೋದು, ಇಂಥಾದ್ರಾಗ ಮಾತ್ರ ಸಾವಿನ ಮಟ್ಟಕ್ಕ ಹಕ್ಕು ಹೋಗ್ತದ. ಬರೀ ಎರಡು ಚೀಲ ತೊಗರಿ ಹೊತ್ತು ಓಡೋನಿಗೆ ಇದು ನಡಿಯಲ್ಲ.

ಪೊಲೀಸ್ರನ್ನ ಕರಿಯೋ ಟೈಮ್ ಇದ್ರ ಮೊದ್ಲು 112ಕ್ಕ ಫೋನ್ ಹಚ್ರಿ, ಟೈಮ್ ಇದ್ದೂ ಕೈ ಎತ್ತಿದ್ರ ಸೆಕ್ಷನ್ 37 ನಿಮ್ಮ ಹಕ್ಕೇ ಕಿತ್ಕೋತದ. ಹಗಲಿನ್ಯಾಗ ಬದು ಒತ್ತೋ ಜಗಳ ಬಹುತೇಕ ಇದೇ ಜಾತಿದು. ಮಾಲು ವಾಪಸ್ ಸಿಕ್ಕ ಮ್ಯಾಲ ಕಳ್ಳನ್ನ ಗಿಡಕ್ಕ ಕಟ್ಟಿ ಬಡಿಯೋದು ರಕ್ಷಣೆ ಅಲ್ಲ, ಸೇಡು. ಹಂದಿ ಕಾಟಕ್ಕ ಬೇಲಿಗೆ ಕರೆಂಟ್ ಬಿಡೋರಂತೂ ದಯವಿಟ್ಟು ಬಿಡ್ರಿ, ದಾರಿಹೋಕ ಸತ್ರ ಈ ಹಕ್ಕು ನೆರವಿಗೆ ಬರಲ್ಲ.

ಮಿತಿ ದಾಟಿದ್ರೂ ಒಳ್ಳೆ ನಂಬಿಕೆಯಿಂದ, ಮೊದ್ಲೇ ಪ್ಲಾನ್ ಇಲ್ದ, ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡೋ ಉದ್ದೇಶ ಇಲ್ದ ಆಗಿದ್ರ ಸೆಕ್ಷನ್ 101ರ ಎರಡನೇ ವಿನಾಯಿತಿಯಿಂದ ಕೊಲೆ ಅನ್ನೋದು ಕೊಲೆಯಲ್ಲದ ನರಹತ್ಯೆ ಆಗ್ತದ, ಆದ್ರೂ ಜೈಲು ತಪ್ಪಲ್ಲ. ರಕ್ಷಣೆಗೇ ಹೊಡೆದೆ ಅಂತ ತೋರ್ಸೋ ಹೊರೆ ನಿಮ್ಮದೇ, ಅದಕ್ಕ ನಿಮಗಾದ ಗಾಯ ದವಾಖಾನಿಯಾಗ ಬರಿಸ್ರಿ, ಜಾಗದಾಗಿನ ಕೊಡ್ಲಿ, ಮುರಿದ ಬಾಗಿಲು ಮುಟ್ಟಬ್ಯಾಡ್ರಿ, ವಕೀಲ್ರನ್ನ ಅವತ್ತೇ ಹಿಡೀರಿ.