ಪರದೆಯ ಚಿತ್ರವನ್ನು ಕಾಗದಕ್ಕೆ ಇಳಿಸುವಾಗ

ಕಂಪ್ಯೂಟರ್ ಬಳಸುವುದನ್ನು ಹೊಸದಾಗಿ ಕಲಿಯುವ ಹಿರಿಯರಿಗೆ ಪಾಠ ಹೇಳುವಾಗ, ಪರದೆಯ ಮೇಲೆ ತೋರಿಸಿದ್ದನ್ನೇ ಮುದ್ರಿಸಿ ಅವರ ಕೈಗೆ ಕೊಡುವುದು ನನ್ನ ರೂಢಿ. ಮನೆಯಲ್ಲಿ ಒಬ್ಬರೇ ಕುಳಿತು ಅಭ್ಯಾಸ ಮಾಡುವವರಿಗೆ ಆ ಹಾಳೆಯೇ ಆಸರೆಯಾಗುವುದರಿಂದ, ಅದರ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಮೂಡಬೇಕೆಂದು ಹಟ ಹಿಡಿಯುತ್ತೇನೆ.

ಪರದೆಯನ್ನು ಸೆರೆಹಿಡಿಯುವುದು ಕಷ್ಟವಲ್ಲ. 1981ರ ಐಬಿಎಂ ಪಿಸಿಯಲ್ಲಿ ಶಿಫ್ಟ್ ಜೊತೆಗೆ ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತಿದರೆ ಪರದೆಯಲ್ಲಿದ್ದ ಬರಹ ನೇರವಾಗಿ ಪ್ರಿಂಟರಿಗೇ ಹೋಗುತ್ತಿತ್ತು. ಈಗ ವಿಂಡೋಸ್‌ನಲ್ಲಿ ಚಿತ್ರ ಹಿಡಿಯುವುದು ಒಂದು ಕೆಲಸ, ಮುದ್ರಿಸುವುದು ಇನ್ನೊಂದು. ಎದುರಿಗೆ ತೆರೆದಿರುವ ವಿಂಡೋ ಒಂದೇ ಬೇಕಿದ್ದರೆ ಆಲ್ಟ್ ಜೊತೆಗೆ ಪ್ರಿಂಟ್ ಸ್ಕ್ರೀನ್ ಒತ್ತುತ್ತೇನೆ. ಅದರಲ್ಲೂ ಒಂದು ಭಾಗ ಸಾಕೆನಿಸಿದರೆ ವಿಂಡೋಸ್, ಶಿಫ್ಟ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬೇಕಾದಷ್ಟನ್ನು ಮೌಸ್‌ನಿಂದ ಎಳೆದು ಗುರುತಿಸುತ್ತೇನೆ.

ನಿಜವಾದ ತೊಡಕು ಇರುವುದು ಅಳತೆಯಲ್ಲಿ. 24 ಇಂಚಿನ ಮಾನಿಟರಿನ ಅಗಲ ಸುಮಾರು 53 ಸೆಂಟಿಮೀಟರ್. ಎ4 ಹಾಳೆಯನ್ನು ಅಡ್ಡ ಹಿಡಿದರೂ 29.7 ಸೆಂಟಿಮೀಟರ್ ಮಾತ್ರ. ಇಡೀ ಪರದೆಯನ್ನು ಅದರೊಳಗೆ ಹಿಡಿಸಿದರೆ ಅಕ್ಷರಗಳು ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತವೆ. ಇಂಗ್ಲಿಷ್ ಬರಹ ಇದನ್ನು ಹೇಗೋ ತಾಳಿಕೊಂಡೀತು, ಆದರೆ ಕನ್ನಡದಲ್ಲಿ ‘ರಾಷ್ಟ್ರ’ದ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ‘ಧ’ದ ಕೆಳಗಿನ ಪುಟ್ಟ ಗೀರು ಅಳಿಸಿ ಅದು ‘ದ’ದಂತೆಯೇ ಕಾಣುತ್ತದೆ. ಸೆರೆಹಿಡಿದ ಚಿತ್ರವನ್ನು ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಚುಕ್ಕೆಗಳು ಹಿಗ್ಗುತ್ತವೆಯೇ ಹೊರತು ಅಕ್ಷರ ತಿಳಿಯಾಗುವುದಿಲ್ಲ. ಆದ್ದರಿಂದ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಪುಟವನ್ನು 150 ಪ್ರತಿಶತಕ್ಕೆ ಹಿಗ್ಗಿಸಿ, ಕಪ್ಪು ಹಿನ್ನೆಲೆಯಿದ್ದರೆ ಅದನ್ನು ಬಿಳಿಗೆ ಬದಲಿಸಿ, ಅನಂತರವೇ ಚಿತ್ರ ಹಿಡಿಯುತ್ತೇನೆ. ಶಾಯಿಯೂ ಉಳಿಯುತ್ತದೆ.

ಹಿಡಿದ ಚಿತ್ರವನ್ನು ಪಿಎನ್‌ಜಿ ಎಂಬ ಬಗೆಯ ಚಿತ್ರಕಡತವಾಗಿಯೇ ಉಳಿಸುತ್ತೇನೆ, ಏಕೆಂದರೆ ಜೆಪಿಜಿ ಎಂಬ ಇನ್ನೊಂದು ಬಗೆಯು ಕಡತದ ಗಾತ್ರ ತಗ್ಗಿಸುವ ಭರದಲ್ಲಿ ಅಕ್ಷರದ ಅಂಚುಗಳ ಸುತ್ತ ಮಸುಕು ಬಿಡುತ್ತದೆ. ಅರ್ಜಿಯ ಪುಟವಾಗಿದ್ದರೆ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆಗಳ ಮೇಲೆ ವಿಂಡೋಸ್‌ನ ಪೇಂಟ್ ತಂತ್ರಾಂಶದಲ್ಲಿ ಒಳಗೂ ಬಣ್ಣ ತುಂಬಿದ ಚೌಕ ಎಳೆಯದೆ ಮುದ್ರಿಸುವುದೇ ಇಲ್ಲ. ಕೊನೆಗೆ ಚಿತ್ರವನ್ನು ವರ್ಡ್ ಪುಟದಲ್ಲಿ ಅಂಟಿಸಿ, ಒತ್ತಬೇಕಾದ ಗುಂಡಿಯ ಪಕ್ಕಕ್ಕೆ ದಪ್ಪ ಬಾಣವೊಂದನ್ನು ಇಟ್ಟು, ಮೊದಲು ಒಂದೇ ಪ್ರತಿ ತೆಗೆಯುತ್ತೇನೆ. ಅದನ್ನು ಕಲಿಯುವವರಲ್ಲೇ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ಅವರು ಎಲ್ಲೂ ತಡವರಿಸದಿದ್ದರೆ ಉಳಿದ ಪ್ರತಿಗಳನ್ನು ಮುದ್ರಿಸುತ್ತೇನೆ.