ಬದಿಯಡ್ಕದಿಂದ ಮಂಗಳೂರಿನವರೆಗೆ ಉಸಿರು ಕಾಯುವ ಕೆಲಸ

ಆಂಬುಲೆನ್ಸಿನ ಹಿಂಬದಿಯಲ್ಲಿ ರೋಗಿಯ ತಲೆಯ ಹತ್ತಿರ ಕುಳಿತು ಬದಿಯಡ್ಕದಿಂದ ಕುಂಬಳೆ, ಉಪ್ಪಳ, ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ನನ್ನ ನರ್ಸ್ ವೃತ್ತಿಯ ದೊಡ್ಡ ಭಾಗ. ಈ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮೂರಿನ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪೆರ್ಲದ ಕಡೆಯ ಅಜ್ಜರೊಬ್ಬರು ಪಾರ್ಶ್ವವಾಯು ಬಡಿದು ಪ್ರಜ್ಞೆ ತಪ್ಪಿದ್ದರು. ಮುಖಕ್ಕೆ ಮಾಸ್ಕ್ ಇತ್ತು, ಆಕ್ಸಿಜನ್ ನಿಮಿಷಕ್ಕೆ 15 ಲೀಟರಿನಂತೆ ಹರಿಯುತ್ತಿತ್ತು, ಆದರೂ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಮಟ್ಟ ನೋಡುವ ಯಂತ್ರ ಶೇಕಡಾ 84 ದಾಟುತ್ತಿರಲಿಲ್ಲ. ಜೊತೆಗಿದ್ದ ಹುಡುಗ ಇನ್ನೂ ಜಾಸ್ತಿ ಮಾಡಲೇ ಎಂದು ಕೇಳುತ್ತಿದ್ದ. ಅಜ್ಜರ ಮಗ, "ಈಗ ಒಳ್ಳೆಯ ನಿದ್ರೆ ಬಂದಿದೆ, ಗೊರಕೆ ಹೊಡೆಯುತ್ತಿದ್ದಾರೆ" ಎಂದರು. ಆ ಗೊರಕೆಯೇ ಅಪಾಯದ ಸದ್ದು. ನಾಲಿಗೆ ಹಿಂದಕ್ಕೆ ಬಿದ್ದು ಗಂಟಲನ್ನು ಅರ್ಧ ಮುಚ್ಚಿತ್ತು. ಕಿವಿಯ ಕೆಳಗೆ ದವಡೆಯ ಮೂಲೆಗೆ ಎರಡೂ ಕೈಗಳ ಬೆರಳು ಕೊಟ್ಟು ಮುಂದಕ್ಕೆ ಎತ್ತಿ ಹಿಡಿದೆ. ಗೊರಕೆ ನಿಂತಿತು. ಮಾಸ್ಕಿನ ಒಳಗೆ ಮಂಜು ಕಟ್ಟಿತು, ಅದರ ಕೆಳಗೆ ತೂಗುವ ಆಕ್ಸಿಜನ್ ಚೀಲ ಉಸಿರಿಗೆ ತಕ್ಕಂತೆ ಆಡತೊಡಗಿತು. ಯಂತ್ರದ ಅಂಕಿ ಮಾತ್ರ ಸ್ವಲ್ಪ ತಡವಾಗಿಯೇ ಮೇಲೇರಿತು. ಅದು ಯಾವಾಗಲೂ ಹಿಂದೆಯೇ ಇರುತ್ತದೆ, ಆದ್ದರಿಂದ ಮೊದಲು ಎದೆಯನ್ನು ನೋಡಿ.

ಉಸಿರಿನ ದಾರಿ ತೆರೆಯದೆ ಆಕ್ಸಿಜನ್ ಎಷ್ಟು ಬಿಟ್ಟರೂ ಅದು ಮುಖದ ಮೇಲೆ ಗಾಳಿ ಬೀಸಿದಷ್ಟೇ. ರೋಗಿಯ ಬಳಿ ಕುಳಿತ ಕೂಡಲೇ ಕಿವಿಗೊಡಿ. ಗೊರಕೆ ಕೇಳಿಸಿದರೆ ನಾಲಿಗೆ ಬಿದ್ದಿದೆ: ಹಣೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ. ಅಡಿಕೆ ಮರದಿಂದ ಬಿದ್ದವರಿಗೆ, ಅಪಘಾತವಾದವರಿಗೆ ತಲೆ ಬಾಗಿಸದೆ ದವಡೆಯನ್ನು ಮಾತ್ರ ಮುಂದಕ್ಕೆ ತನ್ನಿ. ಗೊರಗೊರ ಸದ್ದು ಬಂದರೆ ಬಾಯಲ್ಲಿ ಕಫವೋ ರಕ್ತವೋ ವಾಂತಿಯೋ ಇದೆ: ಕಾಣುವಷ್ಟು ದೂರ ಮಾತ್ರ ಸಕ್ಷನ್ (ಹೀರಿ ತೆಗೆಯುವ ನಳಿಕೆ) ಹಾಕಿ, ಒಂದು ಬಾರಿಗೆ 10 ಸೆಕೆಂಡಿಗಿಂತ ಹೆಚ್ಚು ಬೇಡ. ಎದೆ ಎಳೆಯುತ್ತಿದ್ದು ಸದ್ದೇ ಇಲ್ಲದಿದ್ದರೆ ದಾರಿ ಪೂರ್ತಿ ಮುಚ್ಚಿದೆ ಎಂದರ್ಥ. ನಾಲಿಗೆ ಹಿಂದಕ್ಕೆ ಬೀಳದಂತೆ ಬಾಯಿಗೆ ಹಾಕುವ ಪ್ಲಾಸ್ಟಿಕ್ ಏರ್‌ವೇಯನ್ನು ತುಟಿಯ ಅಂಚಿನಿಂದ ದವಡೆಯ ಮೂಲೆಗೆ ಹಿಡಿದು ಅಳತೆ ನೋಡಿ ಆರಿಸಿ. ಓಕರಿಕೆ ಬರುವವರಿಗೆ ಅದನ್ನು ಹಾಕಲೇಬೇಡಿ. ಪ್ರಜ್ಞೆಯಿದ್ದು ದಮ್ಮು ಕಟ್ಟಿದವರನ್ನು ಮಲಗಿಸುವುದಕ್ಕೆ ಹಟ ಮಾಡಬೇಡಿ, ಕುಳ್ಳಿರಿಸಿ.

ಇನ್ನು ಆಕ್ಸಿಜನ್. ಮೂಗಿನ ನಳಿಕೆಗೆ ನಿಮಿಷಕ್ಕೆ 1ರಿಂದ 6 ಲೀಟರ್. ಸಾದಾ ಮಾಸ್ಕಿಗೆ 5ಕ್ಕಿಂತ ಕಡಿಮೆ ಬಿಟ್ಟರೆ ರೋಗಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಚೀಲವಿರುವ ಮಾಸ್ಕಿಗೆ 10ರಿಂದ 15 ಬೇಕು. ಚೀಲ ತುಂಬಿದ ಮೇಲೆಯೇ ಮುಖಕ್ಕೆ ಹಾಕಿ, ಉಸಿರೆಳೆದಾಗ ಅದು ಪೂರ್ತಿ ಚಪ್ಪಟೆಯಾದರೆ ಹರಿವು ಸಾಲದು. ಬೆರಳಿನ ಯಂತ್ರದಲ್ಲಿ ಗುರಿ 94ರಿಂದ 98. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಕೆಟ್ಟವರಿಗೆ 88ರಿಂದ 92 ಸಾಕು, ಆದರೆ ಅವರೇ ಸಾಯುವ ಸ್ಥಿತಿಯಲ್ಲಿದ್ದಾಗ ಆಕ್ಸಿಜನ್ ಕೊಡಲು ಹಿಂಜರಿಯಬೇಡಿ, ಚೇತರಿಸಿದ ಮೇಲೆ ಇಳಿಸಿದರಾಯಿತು.

ಸಿಲಿಂಡರಿನ ಲೆಕ್ಕವನ್ನು ಹೊರಡುವ ಮೊದಲೇ ಹಾಕಿ. ಒಮ್ಮೆ ನಾನು ಹಾಕಿರಲಿಲ್ಲ. ಹೆದ್ದಾರಿ ಕಾಮಗಾರಿಯ ನಡುವೆ ವಾಹನ ನಿಂತಾಗ ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪಿಗೆ ಇಳಿದಿತ್ತು. ಉಪ್ಪಳದಲ್ಲಿ ಸಿಲಿಂಡರ್ ಸಿಗುವ ತನಕ ನನ್ನ ಕೈ ನಡುಗುತ್ತಿತ್ತು. ಲೆಕ್ಕ ಸುಲಭ. ನಮ್ಮ ವಾಹನದ ಬಿ ಮಾದರಿಯ ಸಿಲಿಂಡರಿನಲ್ಲಿ 10 ಲೀಟರ್ ನೀರು ಹಿಡಿಯುವಷ್ಟು ಜಾಗವಿದೆ. ಗೇಜಿನಲ್ಲಿ ಬಾರ್ ಲೆಕ್ಕದಲ್ಲಿ ತೋರುವ ಅಂಕಿಯನ್ನು 10ರಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಲೀಟರುಗಳಲ್ಲಿ ಸಿಗುತ್ತದೆ. ಮುಳ್ಳು 60ರಲ್ಲಿದ್ದರೆ 600 ಲೀಟರ್, 15ರ ಹರಿವಿಗೆ ಬರೇ 40 ನಿಮಿಷ. ಮಂಗಳೂರು ತಲುಪಲು ಅಷ್ಟು ಸಾಲದು. ದಾರಿಗೆ ಬೇಕಾದುದರ ಎರಡು ಪಾಲು ಇಟ್ಟುಕೊಳ್ಳದೆ ನಾನೀಗ ಬಾಗಿಲು ಹಾಕಲು ಬಿಡುವುದಿಲ್ಲ. ತೆಂಗಿನೆಣ್ಣೆ ತಾಗಿದ ಕೈಯಲ್ಲಿ ವಾಲ್ವ್ ಮುಟ್ಟಲೇಬೇಡಿ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಉಸಿರು ನಿಂತು ನಾಡಿ ಮಾತ್ರ ಇದ್ದರೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ, ಮಾಸ್ಕಿರುವ ಚೀಲ) ಕೈಗೆತ್ತಿಕೊಳ್ಳಿ. ಇಬ್ಬರಿದ್ದರೆ ಒಬ್ಬರು ಎರಡೂ ಕೈಗಳಿಂದ ಮಾಸ್ಕ್ ಹಿಡಿಯಲಿ, ಇನ್ನೊಬ್ಬರು ಒತ್ತಲಿ. ಮಾಸ್ಕನ್ನು ಮುಖಕ್ಕೆ ಅದುಮಬಾರದು, ಮುಖವನ್ನು ಮಾಸ್ಕಿನೊಳಕ್ಕೆ ಎತ್ತಬೇಕು. ದೊಡ್ಡವರಿಗೆ 6 ಸೆಕೆಂಡಿಗೊಮ್ಮೆ, ಎದೆ ಏಳುವಷ್ಟು ಮಾತ್ರ. ಗಾಬರಿಯಲ್ಲಿ ಬೇಗ ಬೇಗ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾನು ಮನಸ್ಸಿನಲ್ಲೇ ಒಂದರಿಂದ ಆರರವರೆಗೆ ಎಣಿಸುತ್ತೇನೆ. ನಾಡಿಯೂ ಇಲ್ಲದಿದ್ದರೆ ಎದೆ ಒತ್ತುವುದನ್ನು ತಕ್ಷಣ ಆರಂಭಿಸಿ, 30 ಒತ್ತಿಗೆ 2 ಉಸಿರು.

ತಲಪಾಡಿ ದಾಟುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ರೋಗಿಯ ವಯಸ್ಸು, ಪ್ರಜ್ಞೆ, ಯಾವ ಮಾಸ್ಕ್, ಎಷ್ಟು ಲೀಟರ್, ಈಗಿನ ಅಂಕಿ ಹೇಳಿ. ಅಲ್ಲಿ ಸ್ಟ್ರೆಚರ್ ಇಳಿಸುವ ಗಡಿಬಿಡಿಯಲ್ಲಿಯೇ ನಳಿಕೆ ಕಳಚುವುದು ಹೆಚ್ಚು. ಒಂದು ಕೈಯನ್ನು ನಳಿಕೆಯ ಮೇಲಿಡಿ, ಇನ್ನೊಂದನ್ನು ದವಡೆಯಿಂದ ತೆಗೆಯಬೇಡಿ.