ಶೇರಿಂಗ್ ಮನೆಯಲ್ಲಿ ಒಬ್ಬರಿಗೆ ಕೊರೋನಾ ಬಂದರೆ: ವಿದೇಶಕ್ಕೆ ಹೊಸದಾಗಿ ಬಂದವರಿಗೆ

ಕೊರೋನಾ ಮುಗಿದುಹೋದ ಕಥೆ ಅನ್ನುವವರೇ ಈಗ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದದ್ದು ನಿಜ. ಆದರೆ ವೈರಸ್ ಎಲ್ಲೂ ಹೋಗಿಲ್ಲ. ನಾಲ್ಕು ಜನ, ಎರಡು ಬೆಡ್‌ರೂಮು, ಒಂದೇ ಬಾತ್‌ರೂಮು ಇರುವ ಮನೆಯಲ್ಲಿ ಅದು ಸುಲಭವಾಗಿ ಸುತ್ತು ಹೊಡೆಯುತ್ತದೆ. ಒಬ್ಬರಿಗೆ ಬಂದ ಮೇಲೆ ಎಲ್ಲರಿಗೂ ಬಂದೇ ಬರುತ್ತದೆ ಎಂದು ಕೈಚೆಲ್ಲಿ ಕೂರಬೇಕಾಗಿಲ್ಲ. ಮೊದಲ ದಿನವೇ ಗಾಳಿ ಓಡಾಡುವ ದಾರಿಯನ್ನು ಸರಿಮಾಡಿಕೊಂಡರೆ ಉಳಿದವರು ತಪ್ಪಿಸಿಕೊಳ್ಳಬಹುದು.

ಗಂಟಲು ಕೆರೆತ, ಮೈಕೈ ನೋವು ಶುರುವಾದ ದಿನವನ್ನು 0 ದಿನ ಎಂದು ಬರೆದಿಟ್ಟುಕೊಳ್ಳಿ. ರಜೆ, ಔಷಧ, ಮಾಸ್ಕ್ ಎಲ್ಲ ಲೆಕ್ಕವೂ ಅಲ್ಲಿಂದಲೇ ಶುರು. ಆ ದಿನ ಮನೆಯಲ್ಲೇ ಮಾಡಿದ ಆಂಟಿಜೆನ್ ಟೆಸ್ಟ್ ನೆಗೆಟಿವ್ ಬಂದರೆ ನಂಬಿ ಆಫೀಸಿಗೆ ಹೋಗಬೇಡಿ. ಈ ಕಿಟ್‌ಗಳು ವೈರಸ್ ಪ್ರಮಾಣ ಏರಿದ ಮೇಲೆಯೇ ಹಿಡಿಯುವುದು. 48 ಗಂಟೆ ಬಿಟ್ಟು ಮತ್ತೊಂದು ಮಾಡಬೇಕು. ಟೆಸ್ಟ್ ಕೆಡುವುದು ಸಾಮಾನ್ಯವಾಗಿ ಸಣ್ಣಪುಟ್ಟ ಕಡೆಗಳಲ್ಲಿ. ಚಳಿಗಾಲದಲ್ಲಿ ಬಾಗಿಲ ಹೊರಗೆ ಬಿದ್ದಿದ್ದ ಪಾರ್ಸೆಲ್‌ನ ಕಿಟ್ಟನ್ನು ತಣ್ಣಗಿರುವಾಗಲೇ ಬಳಸುತ್ತಾರೆ. ಅದು ಕೋಣೆಯ ತಾಪಮಾನಕ್ಕೆ ಬರುವ ತನಕ ಕಾಯಬೇಕು. ಸ್ವ್ಯಾಬ್ ಅನ್ನು ಒಂದೇ ಮೂಗಿನ ಹೊಳ್ಳೆಗೆ ಮುಟ್ಟಿಸಿ ತೆಗೆಯುತ್ತಾರೆ. 15 ನಿಮಿಷಕ್ಕೆ ನೋಡಬೇಕಾದ್ದನ್ನು ಎರಡು ಗಂಟೆ ಬಿಟ್ಟು ನೋಡಿ ಗಾಬರಿಯಾಗುತ್ತಾರೆ. ಹೊತ್ತು ಮೀರಿದ ಮೇಲೆ ಟಿ ಗುರುತಿನ ಪಕ್ಕ ಮೂಡಿದ ಗೆರೆಗೆ ಅರ್ಥವಿಲ್ಲ. ಹೊತ್ತಿನೊಳಗೆ ಅಲ್ಲಿ ಮೂಡಿದ ಗೆರೆ ಎಷ್ಟೇ ತೆಳುವಾಗಿದ್ದರೂ ಅದು ಪಾಸಿಟಿವ್ವೇ.

ಪಾಸಿಟಿವ್ ಬಂದ ಗಳಿಗೆಯಲ್ಲೇ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ತಿಳಿಸಿ. ಬಾಡಿಗೆಯವರು ಏನಂದುಕೊಳ್ಳುತ್ತಾರೋ ಎಂದು ಒಂದು ರಾತ್ರಿ ಮುಚ್ಚಿಟ್ಟರೆ ಅಷ್ಟು ಹೊತ್ತಿನಲ್ಲೇ ಅದು ಹಾಲ್ ದಾಟಿರುತ್ತದೆ. ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಹರಡಲು ಶುರುವಾಗಿರುತ್ತದೆ. ಆದ್ದರಿಂದ ಉಳಿದವರೂ ಮುಂದಿನ ಐದು ದಿನ ಮನೆಯೊಳಗೆ ಮಾಸ್ಕ್ ಹಾಕಬೇಕು.

ಇನ್ನು ಗಾಳಿ. ಬಾಗಿಲ ಹಿಡಿ, ಸ್ವಿಚ್ಚು, ತರಕಾರಿ ಎಲ್ಲವನ್ನೂ ಒರೆಸುವುದರಲ್ಲಿ ಶಕ್ತಿ ಕಳೆಯಬೇಡಿ. ಈ ವೈರಸ್ ಹರಡುವುದು ಮುಖ್ಯವಾಗಿ ಉಸಿರಿನೊಂದಿಗೆ ಹೊರಬಂದು ಗಾಳಿಯಲ್ಲಿ ತೇಲುವ ಕಣಗಳಿಂದ. ಅಗರಬತ್ತಿಯ ಹೊಗೆ ಹೇಗೆ ಮನೆಯೆಲ್ಲ ಹಬ್ಬುತ್ತದೋ ಹಾಗೆ. ಕೈ ತೊಳೆಯಿರಿ, ಪಾತ್ರೆ ಬಟ್ಟೆಗಳನ್ನು ಮಾಮೂಲಿ ಸೋಪಿನಲ್ಲಿ ತೊಳೆದರೆ ಸಾಕು.

ಕಾಯಿಲೆಯಾದವರಿಗೆ ಕಿಟಕಿ ಇರುವ ಕೋಣೆಯನ್ನೇ ಬಿಟ್ಟುಕೊಡಿ, ಅದು ಯಾರ ಕೋಣೆಯಾದರೂ ಸರಿ. ಕಿಟಕಿಯಲ್ಲಿ ಒಂದು ಫ್ಯಾನನ್ನು ಹೊರಮುಖವಾಗಿ ಇಡಿ, ಅಂದರೆ ಕೋಣೆಯ ಗಾಳಿ ಬೀದಿಗೆ ಹೋಗಬೇಕು. ಸೆಖೆ ಎಂದು ಅದನ್ನೇ ಒಳಮುಖವಾಗಿ ತಿರುಗಿಸಿದರೆ ಕೋಣೆಯ ಗಾಳಿಯೆಲ್ಲ ಬಾಗಿಲ ಸಂದಿಯಿಂದ ಹಾಲ್‌ಗೆ ನುಗ್ಗುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಬಾಗಿಲು ಮುಚ್ಚಿ, ಟಿಶ್ಯೂ ಕಾಗದದ ಒಂದು ಎಳೆಯನ್ನು ಹಾಲ್ ಕಡೆಯಿಂದ ಬಾಗಿಲ ಕೆಳಸಂದಿಗೆ ಹಿಡಿಯಿರಿ. ಅದು ಕೋಣೆಯ ಒಳಕ್ಕೆ ಬಾಗಬೇಕು. ನಿಮ್ಮ ಕಡೆಗೆ ಹಾರಿದರೆ ಫ್ಯಾನ್ ಉಲ್ಟಾ ಇದೆ, ಇಲ್ಲವೇ ಫ್ಯಾನಿನ ಸುತ್ತ ದೊಡ್ಡ ಸಂದಿ ಉಳಿದಿದೆ. ರಟ್ಟು, ಟೇಪು ಹಾಕಿ ಮುಚ್ಚಿ. ಫ್ಯಾನ್ ಹೀಗೆ ಓಡುತ್ತಿರುವಾಗ ಬಾಗಿಲ ಕೆಳಗೆ ಟವೆಲ್ ತುರುಕಬೇಡಿ, ಒಳಕ್ಕೆ ಗಾಳಿ ಬರಲು ಅದೇ ದಾರಿ. ಫ್ಯಾನೇ ಇಲ್ಲದಿದ್ದರೆ ಟವೆಲ್ ಹಾಕಿ, ಕಿಟಕಿ ತೆರೆದಿಡಿ. ಹಿಮ ಬೀಳುವ ಊರಿನಲ್ಲಿ ಎರಡಿಂಚು ತೆರೆದು ಹೀಟರ್ ಹಾಕಿಕೊಳ್ಳಿ. ಚಳಿಯೆಂದು ಗ್ಯಾಸ್ ಸ್ಟೌ ಹಚ್ಚಿಡುವುದು, ಇದ್ದಿಲು ಉರಿಸುವುದು ಮಾತ್ರ ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕೊರೋನಾಗಿಂತ ಬೇಗ ಕೊಲ್ಲುತ್ತದೆ.

ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಡಬ್ಬಿಯ ಮೇಲಿನ ಸಿಎಡಿಆರ್ ಸಂಖ್ಯೆ (ಯಂತ್ರ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ) ನೋಡಿ, ಬಣ್ಣದ ದೀಪ ನೋಡಬೇಡಿ. 10 ಅಡಿ, 12 ಅಡಿಯ ಕೋಣೆ, 8 ಅಡಿ ಎತ್ತರ ಅಂದರೆ 960 ಘನ ಅಡಿ. ಗಂಟೆಗೆ ಐದು ಸಲ ಗಾಳಿ ಶೋಧಿಸಬೇಕೆಂದರೆ 4800 ಘನ ಅಡಿ, ಅಂದರೆ ನಿಮಿಷಕ್ಕೆ 80. ಆ ಸಂಖ್ಯೆ ಫುಲ್ ಸ್ಪೀಡಿನದು; ರಾತ್ರಿ ಸದ್ದಾಗುತ್ತದೆಂದು ಸ್ಲೀಪ್ ಮೋಡಿಗೆ ಹಾಕಿದರೆ ಅಷ್ಟು ಸಿಗುವುದಿಲ್ಲ. ಹಾಗಾಗಿ ನಿಮಿಷಕ್ಕೆ 150 ಘನ ಅಡಿಯ ಆಸುಪಾಸಿನದನ್ನೇ ತನ್ನಿ. ಅಮೆರಿಕದಲ್ಲಿರುವವರು 20 ಇಂಚಿನ ಬಾಕ್ಸ್ ಫ್ಯಾನಿಗೆ ಅದೇ ಅಳತೆಯ ನಾಲ್ಕು ಮರ್ವ್ 13 (ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆ) ಫಿಲ್ಟರ್ ಚೌಕಾಕಾರವಾಗಿ ಟೇಪು ಹಚ್ಚಿ, ತಳಕ್ಕೆ ರಟ್ಟು ಹಾಕಿ ತಾವೇ ಕಟ್ಟಿಕೊಳ್ಳಬಹುದು. ಅದಕ್ಕೆ ಕಾರ್ಸಿ-ರೋಸೆಂಥಾಲ್ ಪೆಟ್ಟಿಗೆ ಎನ್ನುತ್ತಾರೆ. ಫಿಲ್ಟರಿನ ಅಂಚಿನಲ್ಲಿರುವ ಬಾಣದ ಗುರುತು ಪೆಟ್ಟಿಗೆಯ ಒಳಕ್ಕೆ ತೋರಿಸಬೇಕು, ಫ್ಯಾನ್ ಗಾಳಿಯನ್ನು ಮೇಲಕ್ಕೆ ಊದಬೇಕು.

ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ ಕಾಯಿಲೆ ಇಲ್ಲದವರು ಹಾಸಿಗೆ ಎತ್ತಿಕೊಂಡು ಹಾಲ್‌ಗೆ ಹೋಗುವುದೇ ಸರಿ. ಅದೂ ಆಗದಿದ್ದರೆ ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು ಬರುವಂತೆ ಮಲಗಿ, ಪ್ಯೂರಿಫೈಯರ್ ಅನ್ನು ನಡುವೆ ಇಡಿ. ಇಬ್ಬರಿಗೂ ಪಾಸಿಟಿವ್ ಬಂದಮೇಲೆ ಒಂದೇ ಕೋಣೆಯಲ್ಲಿರಲು ಅಡ್ಡಿಯಿಲ್ಲ.

ಮನೆಯಲ್ಲಿ ಅತಿ ಅಪಾಯದ ಜಾಗ ಬಾತ್‌ರೂಮು, ಏಕೆಂದರೆ ಅಲ್ಲಿ ಮಾಸ್ಕ್ ತೆಗೆಯಲೇಬೇಕು. ಬೆಳಿಗ್ಗೆ ಎಲ್ಲರ ಸ್ನಾನ ಆದಮೇಲೆ ಕೊನೆಗೆ ಕಾಯಿಲೆಯವರು ಹೋಗಲಿ. ಎಕ್ಸಾಸ್ಟ್ ಫ್ಯಾನ್ ಹಗಲೂ ರಾತ್ರಿ ಓಡಲಿ. ಗಂಟೆಗೆ ಆರು ಸಲ ಗಾಳಿ ಬದಲಾಗುವ ಜಾಗದಲ್ಲೂ ತೇಲುವ ಕಣಗಳಲ್ಲಿ ಶೇಕಡಾ 99ರಷ್ಟು ಹೋಗಲು 46 ನಿಮಿಷ ಬೇಕು. ಎರಡೇ ಸಲ ಬದಲಾಗುವ ಕಡೆ ಎರಡು ಗಂಟೆಗೂ ಮಿಕ್ಕಿ. ಐದು ನಿಮಿಷ ಬಿಟ್ಟು ಹೋಗುವುದರಿಂದ ಪ್ರಯೋಜನವಿಲ್ಲ, ಹೋಗಲೇಬೇಕೆಂದರೆ ಮಾಸ್ಕ್ ತೆಗೆಯದೆ ಹೋಗಿ. ಊಟವನ್ನು ಬಾಗಿಲ ಬಳಿ ಇಟ್ಟು ಫೋನ್ ಮಾಡಿ.

ಮಾಸ್ಕ್ ಅಂದರೆ ಎನ್95, ಎಫ್‌ಎಫ್‌ಪಿ2 ಅಥವಾ ಕೆಎಫ್94. ನೀಲಿ ಸರ್ಜಿಕಲ್ ಮಾಸ್ಕಿನ ಪಕ್ಕದಿಂದ ಗಾಳಿ ನುಸುಳುತ್ತದೆ. ಹಾಕಿ ಜೋರಾಗಿ ಉಸಿರು ಬಿಡಿ: ಕನ್ನಡಕ ಮಂಜಾದರೆ ಮೂಗಿನ ತಂತಿ ಒತ್ತಿಲ್ಲ ಎಂದರ್ಥ. ಗಡ್ಡ ಇದ್ದವರಿಗೆ ಎಷ್ಟು ಒಳ್ಳೆಯ ಮಾಸ್ಕೂ ಸರಿಯಾಗಿ ಕೂರುವುದಿಲ್ಲ.

ಊರಿನಿಂದ ತಂದ ಮಾತ್ರೆಗಳ ವಿಷಯ. ಡೋಲೋ, ಕ್ರೋಸಿನ್‌ನಲ್ಲಿರುವ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್ ಎಂಬ ಹೆಸರಿನಲ್ಲಿ ಟೈಲೆನಾಲ್‌ನಲ್ಲಿರುತ್ತದೆ. ಡೇಕ್ವಿಲ್, ನೈಕ್ವಿಲ್, ಬ್ರಿಟನ್ನಿನ ಲೆಮ್‌ಸಿಪ್‌ನಲ್ಲೂ ಅದೇ. ಜ್ವರಕ್ಕೆ ಡೋಲೋ, ನೆಗಡಿಗೆ ನೈಕ್ವಿಲ್ ಎಂದು ಎರಡನ್ನೂ ನುಂಗಿದರೆ ಪ್ರಮಾಣ ಮೀರಿ ಲಿವರಿಗೆ ಪೆಟ್ಟು ಬೀಳಬಹುದು. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗೆ ಎಲ್ಲ ಸೇರಿ 4000 ಮಿಲಿಗ್ರಾಂ ಮೇಲ್ಮಿತಿ. ಡಬ್ಬಿಯ ಮೇಲೆ ಅದಕ್ಕೂ ಕಡಿಮೆ ಬರೆದಿದ್ದರೆ ಅದೇ ಲೆಕ್ಕ. ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ. ಯಾರೋ ಕೊಟ್ಟ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಅಂತೂ ಮುಟ್ಟಬೇಡಿ: ಆಕ್ಸಿಜನ್ ಬೇಕಾಗುವಷ್ಟು ಜೋರಾದ ಕಾಯಿಲೆಗೆ ಅದು ನೆರವಾಗುತ್ತದೆ, ಮನೆಯಲ್ಲೇ ಇರುವವರಿಗಲ್ಲ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಗರ್ಭಿಣಿ, 65 ದಾಟಿದ ವಯಸ್ಸು, ಇವು ಯಾವುದಾದರೂ ಇದ್ದರೆ ಪಾಸಿಟಿವ್ ಬಂದ ದಿನವೇ ವೈದ್ಯರಿಗೆ ಫೋನ್ ಮಾಡಿ. ಪ್ಯಾಕ್ಸ್‌ಲೋವಿಡ್ ಎಂಬ ಕೊರೋನಾ ವೈರಸ್ ತಡೆಯುವ ಮಾತ್ರೆಯನ್ನು ಲಕ್ಷಣ ಶುರುವಾದ ಐದು ದಿನದೊಳಗೇ ಆರಂಭಿಸಬೇಕು. ಅದು ಕೊಲೆಸ್ಟರಾಲ್, ರಕ್ತ ತೆಳುವಾಗಿಸುವ ಹಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ, ಆದ್ದರಿಂದ ಊರಿನ ಮಾತ್ರೆಗಳ ಪಟ್ಟಿಯನ್ನು ಪೂರ್ತಿ ಹೇಳಿ.

ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಇದ್ದರೆ ಐದು ನಿಮಿಷ ಸುಮ್ಮನೆ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ನೇಲ್ ಪಾಲಿಶ್ ತೆಗೆದು ನೋಡಿ. 95 ಮತ್ತು ಮೇಲಿದ್ದರೆ ಸರಿ, 93–94 ಬಂದರೆ ವೈದ್ಯರನ್ನು ಕೇಳಿ, 92 ಅಥವಾ ಕೆಳಗಿಳಿದರೆ ಆಸ್ಪತ್ರೆ. ನಮ್ಮಂಥ ಕಪ್ಪು, ಗೋಧಿ ಮೈಬಣ್ಣದವರಲ್ಲಿ ಈ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು. ಮೊದಲ ದಿನದಿಂದ ಬರೆದಿಟ್ಟು, ಇಳಿಯುತ್ತಿದೆಯೇ ಎಂದು ನೋಡುವುದೇ ಹೆಚ್ಚು ನಂಬುಗೆಯದು. ಕೂತಲ್ಲೇ ಏದುಸಿರು, ಎದೆ ಒತ್ತಿದಂತೆ ಆಗುವುದು, ತುಟಿ ನೀಲಿಗಟ್ಟುವುದು, ಮಾತು ತಡವರಿಸುವುದು ಕಂಡರೆ ಸಂಖ್ಯೆ ಏನೇ ಇರಲಿ ಆಂಬ್ಯುಲೆನ್ಸ್ ಕರೆಯಿರಿ: ಅಮೆರಿಕ, ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಬಿಲ್ಲಿನ ಭಯದಿಂದ ತಡಮಾಡಬೇಡಿ.

ಆಫೀಸಿಗೆ ನಾಲ್ಕು ಸಾಲಿನ ಇಮೇಲ್ ಸಾಕು: ಲಕ್ಷಣ ಶುರುವಾದ ದಿನ, ಟೆಸ್ಟಿನ ದಿನ, ಎಂದಿನಿಂದ ಎಂದಿನ ತನಕ ಸಿಕ್ ಲೀವ್, ಕೊನೆಯದಾಗಿ ಆಫೀಸಿಗೆ ಬಂದ ದಿನ. ಕೊನೆಯದನ್ನು ಹೇಳುವುದು ಪಕ್ಕದ ಸೀಟಿನವರ ಹಿತಕ್ಕೆ. ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾದರೆ ನಾಳೆ ಸಂಬಳ ಕಡಿತವಾದಾಗ ತೋರಿಸಲು ಏನೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ಮೊದಲ 7 ದಿನಕ್ಕೆ ವೈದ್ಯರ ಚೀಟಿ ಬೇಡ, ನೀವೇ ಬರೆದುಕೊಟ್ಟರಾಯಿತು. ಜರ್ಮನಿಯಲ್ಲಿ ಕಾಯಿಲೆ 3 ದಿನ ದಾಟಿದರೆ ಸರ್ಟಿಫಿಕೇಟ್ ಬೇಕು, ಕಂಪನಿ ಮೊದಲೇ ಕೇಳಬಹುದು. ಆಸ್ಟ್ರೇಲಿಯಾದ ಪೂರ್ಣಾವಧಿ ನೌಕರರಿಗೆ ವರ್ಷಕ್ಕೆ 10 ದಿನ ಸಂಬಳದ ರಜೆ ಉಂಟು, ಕ್ಯಾಶುಯಲ್ ಕೆಲಸದವರಿಗೆ ಇಲ್ಲ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸಂಬಳಸಹಿತ ರಜೆಯ ಕಾನೂನಿಲ್ಲ; ನಿಮ್ಮ ರಾಜ್ಯದ ನಿಯಮ, ಕಂಪನಿಯ ಕೈಪಿಡಿ ಎರಡನ್ನೂ ಆರೋಗ್ಯವಾಗಿರುವಾಗಲೇ ಓದಿಡಿ. ಎಚ್-1ಬಿಯಲ್ಲಿ ಸಿಕ್ ಲೀವ್ ಹಾಕಿದರೆ ವೀಸಾ ಕೆಡುತ್ತದೆಂಬುದು ಬರೀ ಗಾಳಿಸುದ್ದಿ. ಕೆಲಸ ಮುಂದುವರಿದಿರುವ ತನಕ ಕಾಯಿಲೆಯ ರಜೆಯಿಂದ ಸ್ಟೇಟಸ್ ಹೋಗುವುದಿಲ್ಲ, ಆದರೆ ರಜೆ ಒಪ್ಪಿದ ಇಮೇಲ್ ಅಳಿಸಬೇಡಿ.

ಮರಳಿ ಕೆಲಸಕ್ಕೆ ಯಾವಾಗ? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಮಾರ್ಚಿನಿಂದ ಹೇಳುವುದು: ಮಾತ್ರೆಯಿಲ್ಲದೆ 24 ಗಂಟೆ ಜ್ವರ ಇರಬಾರದು, ಲಕ್ಷಣ ಇಳಿಮುಖವಾಗಿರಬೇಕು, ಆಮೇಲೆ ಐದು ದಿನ ಮಾಸ್ಕು. ಆಫೀಸಿಗೆ ಅದು ಸಾಕಾಗಬಹುದು, ಒಂದೇ ಕೋಣೆ ಹಂಚಿಕೊಂಡವರಿಗೆ ಸಾಲದು. ಆಂಟಿಜೆನ್ ನೆಗೆಟಿವ್ ಬರುವ ತನಕ, ಇಲ್ಲವೇ 10 ದಿನ, ಮನೆಯೊಳಗಿನ ಏರ್ಪಾಡು ಹಾಗೇ ಇರಲಿ. ಮನೆಯಲ್ಲಿ ಬಾಣಂತನಕ್ಕೆಂದು ಬಂದ ಹಿರಿಯರಿದ್ದರಂತೂ ಇದರಲ್ಲಿ ರಿಯಾಯಿತಿ ಬೇಡ. ಪ್ಯಾಕ್ಸ್‌ಲೋವಿಡ್ ತೆಗೆದುಕೊಂಡವರಿಗೂ, ತೆಗೆದುಕೊಳ್ಳದವರಿಗೂ ಕೆಲವೊಮ್ಮೆ ನೆಗೆಟಿವ್ ಆದ ಕೆಲವೇ ದಿನಗಳಲ್ಲಿ ಮತ್ತೆ ಪಾಸಿಟಿವ್ ಬರುತ್ತದೆ; ಹಾಗಾದರೆ ಫ್ಯಾನನ್ನು ಮತ್ತೆ ಕಿಟಕಿಗೆ ಹಾಕಿ, ಮಾಸ್ಕ್ ಮತ್ತೆ ತೊಡಿ, ಆಫೀಸಿಗೆ ಇನ್ನೊಂದು ಇಮೇಲ್ ಕಳಿಸಿ.